ಬಾಕೆನ್, ಅರ್ಲ್ (1924–2018)

ಅಮೆರಿಕದ ವಿದ್ಯುತ್ ಎಂಜಿನಿಯರ್, ಮೆಡ್‌ಟ್ರಾನಿಕ್ ಕಂಪನಿಯ ಸಹಸಂಸ್ಥಾಪಕ. ಬ್ಯಾಟರಿಯಿಂದ ನಡೆಯುವ, ರೋಗಿ ಮೈಮೇಲೆ ಧರಿಸಬಹುದಾದ ಟ್ರಾನ್ಸಿಸ್ಟರ್ ಪೇಸ್‌ಮೇಕರನ್ನು, ಅಂದರೆ ಹೃದಯದ ಬಡಿತ ತಪ್ಪಿದಾಗ ಸಣ್ಣ ವಿದ್ಯುತ್ ಮಿಡಿತಗಳಿಂದ ಅದನ್ನು ನಡೆಸುವ ಸಾಧನವನ್ನು, ರೂಪಿಸಿದವರು. ಮಿನೆಸೋಟ ರಾಜ್ಯದ ಕೊಲಂಬಿಯಾ ಹೈಟ್ಸ್‌ನಲ್ಲಿ ಜನಿಸಿದ ಇವರು 1948ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪದವಿ ಪಡೆದರು. ಆಸ್ಪತ್ರೆಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳು ಹೆಚ್ಚುತ್ತಿದ್ದರೂ ಅವು ಕೆಟ್ಟಾಗ ಸರಿಪಡಿಸಬಲ್ಲವರು ವಿರಳವಾಗಿದ್ದುದನ್ನು ಕಂಡು, 1949ರಲ್ಲಿ ನೆಂಟರಾದ ಪಾಮರ್ ಹರ್ಮಂಡ್‌ಸ್ಲೀ ಅವರೊಡನೆ ಮಿನಿಯಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ ದುರಸ್ತಿ ಕೆಲಸ ಆರಂಭಿಸಿದರು. ಮೊದಲ ತಿಂಗಳ ಸಂಪಾದನೆ ಕೇವಲ 8 ಡಾಲರ್.

ದುರಸ್ತಿಗಾಗಿ ಶಸ್ತ್ರಚಿಕಿತ್ಸಾ ಕೊಠಡಿಗಳವರೆಗೂ ಹೋಗಿಬರುತ್ತಿದ್ದುದೇ ಬಾಕೆನ್ ಅವರ ನಿಜವಾದ ಬಂಡವಾಳವಾಯಿತು. ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಾಲ್ಟನ್ ಲಿಲಹೈ ಹುಟ್ಟಿನಿಂದಲೇ ಹೃದಯದೋಷವಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆ ಬಳಿಕ ಕೆಲವರಲ್ಲಿ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಸಾಗುವ ವಿದ್ಯುತ್ ಸಂಕೇತ ತಡೆದು ನಿಲ್ಲುತ್ತಿತ್ತು. ಅವರನ್ನು ಉಳಿಸುತ್ತಿದ್ದ ಪೇಸ್‌ಮೇಕರುಗಳು ಗೋಡೆಯ ವಿದ್ಯುತ್ತನ್ನೇ ನಂಬಿದ್ದ ದೊಡ್ಡ ಯಂತ್ರಗಳಾಗಿದ್ದು, 1957ರ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಕಡಿದುಹೋದಾಗ ಈ ಅವಲಂಬನೆಯ ಅಪಾಯ ಸ್ಪಷ್ಟವಾಯಿತು. ಲಿಲಹೈ ಪರಿಹಾರ ಕೇಳಿದರು. ಸಂಗೀತಾಭ್ಯಾಸಿಗೆ ತಾಳ ಹಿಡಿದುಕೊಡುವ ಮೆಟ್ರೊನೋಮಿನ ಟ್ರಾನ್ಸಿಸ್ಟರ್ ಮಂಡಲವೊಂದನ್ನು ಬಾಕೆನ್ ಪತ್ರಿಕೆಯೊಂದರಲ್ಲಿ ನೋಡಿದ್ದರು. ಅದರ ಮಿಡಿತದ ವೇಗ ಹೃದಯಕ್ಕೂ ಒಪ್ಪುವಂತಿದ್ದುದರಿಂದ ಅದನ್ನೇ ಮಾರ್ಪಡಿಸಿ, ಸುಮಾರು ನಾಲ್ಕು ವಾರಗಳಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದರು. ನಾಯಿಯ ಮೇಲೆ ಪರೀಕ್ಷಿಸಿದ ಮರುದಿನವೇ ಲಿಲಹೈ ಅದನ್ನು ಒಂದು ಮಗುವಿಗೆ ಜೋಡಿಸಿದರು. ವೈದ್ಯಕೀಯ ಸಾಧನಗಳ ಮೇಲೆ ಅಮೆರಿಕದಲ್ಲಿ ವ್ಯಾಪಕ ಕಾನೂನು ಬಂದದ್ದು 1976ರಲ್ಲಿ. ಅನಂತರದ ಕಾಲದಲ್ಲಿ ಇಂಥ ಅವಸರಕ್ಕೆ ಅವಕಾಶವಿರುತ್ತಿರಲಿಲ್ಲ, ಆದರೆ ಆಗ ವೈದ್ಯರ ಕೈಯಲ್ಲಿ ಬೇರೆ ಭದ್ರವಾದ ದಾರಿಯೂ ಇರಲಿಲ್ಲ.

ದೇಹದೊಳಗೆ ಅಳವಡಿಸುವ ಪೇಸ್‌ಮೇಕರಿನ ಕೀರ್ತಿಯನ್ನು ಬಾಕೆನ್ ಅವರಿಗೆ ಆರೋಪಿಸುವುದು ಸರಿಯಲ್ಲ. ಸ್ವೀಡನ್‌ನಲ್ಲಿ 1958ರಲ್ಲೇ ಅಂಥದನ್ನು ಅಳವಡಿಸಲಾಗಿತ್ತು. ಬಫಲೋ ನಗರದ ವಿಲ್ಸನ್ ಗ್ರೇಟ್‌ಬ್ಯಾಚ್ ಮತ್ತು ವಿಲಿಯಂ ಚಾರ್ಡಾಕ್ ರೂಪಿಸಿದ ಮಾದರಿಯನ್ನು ತಯಾರಿಸುವ ಹಕ್ಕನ್ನು ಮೆಡ್‌ಟ್ರಾನಿಕ್ 1960ರಲ್ಲಿ ಪಡೆಯಿತು. ಬೇಡಿಕೆ ಬೆಳೆದರೂ ವೆಚ್ಚ ಅದಕ್ಕಿಂತ ವೇಗವಾಗಿ ಏರಿದ್ದರಿಂದ ಕಂಪನಿ 1960ರ ದಶಕದ ಆರಂಭದಲ್ಲಿ ದಿವಾಳಿಯ ಅಂಚಿಗೆ ಬಂತು. ನೋವನ್ನು ತಗ್ಗಿಸಿ ಆರೋಗ್ಯವನ್ನು ಮರಳಿಸಿ ಆಯುಷ್ಯವನ್ನು ಹೆಚ್ಚಿಸುವುದೇ ಉದ್ದೇಶವೆಂದು ಸಾರುವ ಧ್ಯೇಯಪತ್ರವನ್ನು ಬಾಕೆನ್ ಬರೆದದ್ದು ಈ ಕಾಲದಲ್ಲೇ ಎಂಬುದು ಗಮನಾರ್ಹ.

1975ರಲ್ಲಿ ಅವರು ವಿದ್ಯುತ್ತು ಮತ್ತು ಜೀವದ ಸಂಬಂಧವನ್ನು ಕುರಿತ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. 1989ರಲ್ಲಿ ನಿವೃತ್ತರಾಗಿ ಹವಾಯಿಯಲ್ಲಿ ನೆಲೆಸಿದ ಬಾಕೆನ್, ಮುಂದೆ ಸ್ವತಃ ಪೇಸ್‌ಮೇಕರ್ ಅಳವಡಿಸಿಕೊಂಡು ಬದುಕಿ, 2018ರ ಅಕ್ಟೋಬರ್ 21ರಂದು ನಿಧನರಾದರು.