ದಂತದ ಇಲಿ, ತೋಟದ ಆನೆ

ಜಪಾನಿನ ಕಿಮೊನೊಗೆ ಜೇಬಿಲ್ಲ. ಹಾಗಾಗಿ ಎಡೊ ಕಾಲದ (1603–1868) ಗಂಡಸರು ಹೊಗೆಸೊಪ್ಪಿನ ಚೀಲ, ಔಷಧದ ಕರಡಿಗೆಗಳನ್ನು ದಾರದಲ್ಲಿ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಮೇಲ್ತುದಿಯಲ್ಲಿ ತಡೆಯುತ್ತಿದ್ದ ಗುಂಡಿಯೇ ನೆಟ್ಸುಕೆ. ಹೆಬ್ಬೆರಳಿನಷ್ಟು ದಂತದ ಆ ತುಂಡಿನಲ್ಲಿ ಇಲಿ, ಕಪ್ಪೆ, ಬಸವನಹುಳು, ಮಲಗಿದ ಎತ್ತು ಮೂಡಿದವು. ಬಟ್ಟೆಗೆ ಸಿಕ್ಕಿಕೊಳ್ಳದಂತೆ ಇಲಿಯ ಬಾಲವನ್ನು ಮೈಗೆ ಸುತ್ತಿಯೇ ಕೆತ್ತಬೇಕಿತ್ತು. 1781ರಲ್ಲಿ ಒಸಾಕಾದಲ್ಲಿ ಅಚ್ಚಾದ ‘ಸೊಕೆನ್ ಕಿಶೊ’ ಗ್ರಂಥ ಐವತ್ತಕ್ಕೂ ಹೆಚ್ಚು ನೆಟ್ಸುಕೆ ಶಿಲ್ಪಿಗಳನ್ನು ಹೆಸರಿಸುತ್ತದೆ. ಎತ್ತುಗಳಿಗೆ ಹೆಸರಾದ ಕ್ಯೋಟೊದ ತೊಮೊತಾದ ಅವರಲ್ಲೊಬ್ಬ.

ಈ ಚರಿತ್ರೆ ಓದುವಾಗ ನಾನು ಮತ್ತೆ ಮತ್ತೆ ನಿಲ್ಲುವುದು ಒಂದು ಕಡೆ. ಜಪಾನಿನ ಕಾಡಿನಲ್ಲಿ ಆನೆಯಿಲ್ಲ. ದಂತ ಹಡಗಿನಲ್ಲಿ ಬರುತ್ತಿತ್ತು. ಇಲಿಯನ್ನು ಅಷ್ಟು ಹತ್ತಿರದಿಂದ ನೋಡಿದ ಶಿಲ್ಪಿಗೆ ದಂತ ಕೊಟ್ಟ ಪ್ರಾಣಿ ದೂರದ್ದು. ದಂತವೆಂದರೆ ಆನೆಯ ಬಾಚಿಹಲ್ಲು. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗಿರುತ್ತದೆ. ಇಡಿಯಾಗಿ ಬೇಕಿದ್ದರೆ ಆನೆ ಸತ್ತಿರಲೇಬೇಕು.

ನಮ್ಮಲ್ಲೂ ಈ ಕೆಲಸವಿತ್ತು. ಘಟ್ಟದ ಮೇಲೆ ಸಾಗರ, ಸೊರಬದ ಗುಡಿಗಾರರು ಶ್ರೀಗಂಧದ ಜತೆಗೆ ದಂತವನ್ನೂ ಕೆತ್ತಿದವರು. ಮೈಸೂರಿನಲ್ಲಿ ಬೀಟೆ ಮರಕ್ಕೆ ದಂತ ಕೂರಿಸುವ ಕಲೆ ಅರಮನೆಯ ಬಾಗಿಲಿಗೇರಿತು. “ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ” ಎಂಬ ಗಾದೆಯ ಎರಡನೇ ಸಾವಿರ ದಂತದ್ದು.

ಆ ಸಾವಿರವನ್ನು ಕಾನೂನು ಅಳಿಸಿತು. ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನೂ, 1991ರದ್ದು ಆಮದಾದ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಅಳಿದುಹೋದ ಮ್ಯಾಮತ್‌ನ ದಂತಕ್ಕೂ ನಿಷೇಧ ಅನ್ವಯಿಸುತ್ತದೆ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿ ಮಾತ್ರ ನಿಲ್ಲಲಿಲ್ಲ. ಗುಡಿಗಾರರು ಶಿವನೆಯಂಥ ಮರಗಳಲ್ಲಿ ಕೆತ್ತುತ್ತಾರೆ. ಮೈಸೂರಿನವರು ದಂತದ ಜಾಗದಲ್ಲಿ ಪ್ಲಾಸ್ಟಿಕ್ಕು, ಬೇರೆ ಬಣ್ಣದ ಮರ ಕೂರಿಸುತ್ತಾರೆ. ಜಪಾನಿನಲ್ಲೂ ಮರದ ನೆಟ್ಸುಕೆಗಳು ದಂತದವುಗಳಿಗೆ ಸರಿಸಾಟಿಯಾಗಿ ನಿಂತಿವೆ. ಕಲೆ ಇದ್ದದ್ದು ನೋಡುವ ಕಣ್ಣಿನಲ್ಲಿ, ಕೈಯಲ್ಲಿ, ದಂತದಲ್ಲಲ್ಲ.

ಉಳಿದದ್ದು ಮೊದಲ ಸಾವಿರ, ಬದುಕಿರುವ ಆನೆಯದ್ದು. ಅದರ ಲೆಕ್ಕ ಪುತ್ತೂರು, ಸುಳ್ಯ, ಕಡಬದ ಕಡೆ ಬೇರೆಯೇ. ಪುಷ್ಪಗಿರಿಯ ತಪ್ಪಲಿನ ಊರುಗಳಲ್ಲಿ ಆನೆ ತೋಟಕ್ಕಿಳಿದರೆ ಬೆಳಗಾಗುವಷ್ಟರಲ್ಲಿ ಬಾಳೆ, ಅಡಿಕೆ ನೆಲಕ್ಕೊರಗಿರುತ್ತವೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಜೀವ ಕಳೆದುಕೊಂಡರು. ಬೆಳೆನಷ್ಟಕ್ಕೆ ಪರಿಹಾರವಿದೆ, ನಿಜ. ಆದರೆ ಹೊಸದಾಗಿ ನೆಟ್ಟ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಸತ್ತ ಆನೆಯ ಬೆಲೆಯನ್ನು ಒಮ್ಮೆ ದೂರದ ಪೇಟೆಗಳು ಕೊಟ್ಟವು. ಬದುಕಿರುವ ಆನೆಯ ಬೆಲೆಯನ್ನು ತೋಟದವರೊಬ್ಬರೇ ತೆರುವಂತಾಗಬಾರದು.