ಜ್ವರಮಾಪಕದ ಶುದ್ಧಿ

ಜ್ವರವನ್ನು ಅಳೆಯುವ ಸಾಧನವೇ ಒಬ್ಬನ ರೋಗವನ್ನು ಮತ್ತೊಬ್ಬನಿಗೆ ಒಯ್ಯಬಲ್ಲುದೆಂಬ ಅರಿವು ವೈದ್ಯಲೋಕಕ್ಕೆ ತಡವಾಗಿ ಉಂಟಾಯಿತು. ಇಟಲಿಯ ಸಾಂಕ್ಟೋರಿಯಸನೆಂಬ ವೈದ್ಯನು ಹದಿನೇಳನೆಯ ಶತಮಾನದ ಆದಿಭಾಗದಲ್ಲಿಯೇ ರೋಗಿಯ ಬಾಯಲ್ಲಿಡತಕ್ಕ ಉಷ್ಣಮಾಪಕವನ್ನು ರಚಿಸಿದ್ದನು. 1714ರಲ್ಲಿ ಫಾರೆನ್‌ಹೀಟನು ಅದಕ್ಕೆ ಪಾದರಸವನ್ನು ತುಂಬಿದನು. ಆದರೂ ಇಂಗ್ಲೆಂಡಿನ ಆಲ್ಬಟ್ ಎಂಬ ವೈದ್ಯನು 1866-67ರ ಸುಮಾರಿನಲ್ಲಿ, ಆರಂಗುಲ ಉದ್ದದ, ಐದೇ ನಿಮಿಷಗಳಲ್ಲಿ ತಾಪವನ್ನು ತಿಳಿಸುವ ನಳಿಕೆಯನ್ನು ಮಾಡಿಸುವವರೆಗೆ ಅದು ವೈದ್ಯರ ಜೇಬಿಗೆ ಸುಲಭವಾಗಿ ಸೇರುವಂತಿರಲಿಲ್ಲ. ಜೇಬನ್ನು ಸೇರಿದ ಬಳಿಕ ಒಂದೇ ನಳಿಕೆಯು ಹಲವರ ಬಾಯಿಗಳಲ್ಲಿ ಸಂಚರಿಸಲು ಮಾರ್ಗವಾಯಿತು.

ಅದನ್ನು ಶುದ್ಧಿಗೊಳಿಸುವುದರಲ್ಲಿ ವಿಚಿತ್ರವಾದ ತೊಡಕೊಂದಿತ್ತು. ಶಸ್ತ್ರಚಿಕಿತ್ಸೆಯ ಕತ್ತರಿ ಚಿಮುಟಗಳನ್ನು ಕುದಿಯುವ ನೀರಿನಲ್ಲಿ ಹಾಕಬಹುದು, ಜ್ವರಮಾಪಕವನ್ನು ಹಾಕುವಂತಿಲ್ಲ. 110 ಡಿಗ್ರಿಯ ಆಸುಪಾಸಿನಲ್ಲಿ ಮುಗಿಯುವ ನಳಿಕೆಯನ್ನು 212 ಡಿಗ್ರಿಯ ನೀರಿನಲ್ಲಿ ಅದ್ದಿದರೆ ಹಿಗ್ಗಿದ ಪಾದರಸವು ಗಾಜನ್ನೇ ಒಡೆಯುವುದು. ಆದುದರಿಂದ ಔಷಧದ್ರವಗಳೇ ಗತಿಯಾದವು. ಅವುಗಳಲ್ಲಿ ಮದ್ಯಸಾರವು ಬಹಳ ಬಳಕೆಗೆ ಬಂದಿತು. ಅದು ಎಷ್ಟು ತೀಕ್ಷ್ಣವೋ ಅಷ್ಟು ಮೇಲೆಂದು ಯಾರಿಗಾದರೂ ತೋರುವುದು ಸಹಜ. ಆದರೆ 1903ರಲ್ಲಿ ಬಾಸ್ಟನ್ ನಗರದ ಹ್ಯಾರಿಂಗ್ಟನ್ ಮತ್ತು ವಾಕರ್ ಎಂಬವರ ಪರೀಕ್ಷೆಗಳಲ್ಲಿ ಕಂಡುಬಂದುದೇ ಬೇರೆ. ನೀರು ಬೆರೆಯದ ಮದ್ಯಸಾರವು ಒಣಗಿದ ಕ್ರಿಮಿಗಳನ್ನು ಕೊಲ್ಲಲಾರದೆ ಹೋಯಿತು. ನೂರಕ್ಕೆ 60-70 ಪಾಲಿನ ಮಿಶ್ರಣವು ಕೆಲವೇ ನಿಮಿಷಗಳಲ್ಲಿ ಕೊಂದಿತು. ಕ್ರಿಮಿಯ ದೇಹದ ಪ್ರೋಟೀನು ಕೆಡುವುದಕ್ಕೆ ನೀರಿನ ಸಹಾಯವೂ ಬೇಕು. ಇಷ್ಟಾದರೂ, ಕೆಲವು ಕ್ರಿಮಿಗಳ ಬೀಜಾಣುಗಳು ಮದ್ಯಸಾರಕ್ಕೆ ಅಳಿಯುವುದಿಲ್ಲವೆಂದು ಕಾಖ್ ಪಂಡಿತನು 1881ರಲ್ಲಿಯೇ ತೋರಿಸಿದ್ದನು. ಲೋಳೆಯು ಅಂಟಿಕೊಂಡಿದ್ದರೆ ಔಷಧವು ಒಳಹೊಗುವುದೂ ಕಷ್ಟ. ಮೊದಲು ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆಯುವುದು ಇದಕ್ಕಾಗಿಯೇ. ಎಂಜಲಿನ ಲೋಟವನ್ನು ಮುಟ್ಟಲೊಲ್ಲದ ನಮ್ಮ ಮನೆಗಳಲ್ಲಿ ಜ್ವರಮಾಪಕವನ್ನು ಮಾತ್ರ ಒಮ್ಮೆ ಕೊಡವಿ, ಸೆರಗಿನ ಅಂಚಿನಿಂದ ಒರೆಸಿ, ಮುಂದಿನ ಮಗುವಿನ ಬಾಯಲ್ಲಿಡುವುದುಂಟು!

ಬಾಯಿಗೆ ಬದಲು ಕಂಕುಳಲ್ಲಿಟ್ಟರೆ ಭಯವಿಲ್ಲವೆಂಬ ನಂಬಿಕೆಯು ಬಹುಕಾಲ ಉಳಿಯಿತು. ಅಮೆರಿಕದ ಸ್ಪಾಲ್ಡಿಂಗ್ ಎಂಬ ವಿದ್ವಾಂಸನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಾಡಿದ ವಿಭಾಗಕ್ರಮದಲ್ಲಿಯೂ, ಗಾಯವಿಲ್ಲದ ಚರ್ಮವನ್ನು ಮಾತ್ರ ಮುಟ್ಟುವ ವಸ್ತುಗಳು ಅತ್ಯಲ್ಪ ಅಪಾಯದವುಗಳೆಂದು ಎಣಿಸಲ್ಪಟ್ಟಿದ್ದವು. ಆಕ್ಸ್‌ಫರ್ಡಿನಲ್ಲಿ ನಡೆದ ಸಂಗತಿಯು ಈ ನಂಬಿಕೆಯನ್ನು ಕದಲಿಸಿತು. 2015ರ ಫೆಬ್ರುವರಿಯಿಂದ 2017ರ ಆಗಸ್ಟಿನೊಳಗಾಗಿ ಅಲ್ಲಿ 70 ಮಂದಿ ರೋಗಿಗಳಲ್ಲಿ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರವು ಕಾಣಿಸಿಕೊಂಡಿತು. ಆರಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಿವಿ. 2009ರಲ್ಲಿ ಜಪಾನಿನ ವಿದ್ವಾಂಸರು ಅದನ್ನು ಮೊದಲು ವರ್ಣಿಸಿದ್ದು ರೋಗಿಯೊಬ್ಬಳ ಕಿವಿಯಿಂದ ತೆಗೆದು. ಅದು ಹಲವು ಔಷಧಗಳಿಗೆ ಮಣಿಯದು. ಆ 70 ಮಂದಿಯಲ್ಲಿ ಏಳು ಮಂದಿಗೆ ಅದು ದೇಹದ ಒಳಭಾಗವನ್ನೇ ಹೊಕ್ಕಿತು. ಪೀಡಿತರಲ್ಲಿ 66 ಮಂದಿ ಮೊದಲು ಮಿದುಳು-ನರರೋಗಗಳ ತೀವ್ರಚಿಕಿತ್ಸಾ ವಿಭಾಗದಲ್ಲಿದ್ದವರು. ಕೋಣೆಯ ಇತರ ಕಡೆಗಳಲ್ಲಿ ಶಿಲೀಂಧ್ರವು ವಿರಳವಾಗಿ ಸಿಕ್ಕಿತು. ಸಿಕ್ಕಿದ್ದು ಮುಖ್ಯವಾಗಿ, ಒಬ್ಬರಿಂದೊಬ್ಬರಿಗೆ ಬಳಸಲ್ಪಡುತ್ತಿದ್ದ, ಕಂಕುಳಲ್ಲಿಡುವ ಉಷ್ಣಮಾಪಕ ತಂತುಗಳ ಮೇಲೆ. ರೋಗಿಗಳನ್ನು ಬೇರ್ಪಡಿಸಿ, ಪರೀಕ್ಷಿಸಿ ಎಷ್ಟೇ ಎಚ್ಚರವಹಿಸಿದರೂ ಸೋಂಕು ನಿಂತಿರಲಿಲ್ಲ. ಆ ತಂತುಗಳನ್ನು ವಿಭಾಗದಿಂದ ಹೊರಹಾಕಿದ ಮೇಲೆ ಹೊಸ ಪ್ರಕರಣಗಳು ಇಳಿಮುಖವಾದವು.