ಹಾವು ಹಾಲು ಕುಡಿದಿದ್ದು ಯಾಕೆ?

ಶ್ರಾವಣ ಬಂತಂದ್ರೆ ರಾಯಲ್ಪಾಡಿನಿಂದ ಬೆಂಗಳೂರಿನವರೆಗೂ ಹುತ್ತಕ್ಕೆ, ನಾಗರಕಲ್ಲಿಗೆ ಹಾಲು ಬೀಳುತ್ತೆ. ಕಲ್ಲಿನ ನಾಗರಕ್ಕೆ ಪೂಜೆ, ನಿಜದ್ದು ಬಂದ್ರೆ ದೊಣ್ಣೆ: ಈ ಇಬ್ಬಗೆಯನ್ನ ಬಸವಣ್ಣ 12ನೇ ಶತಮಾನದಲ್ಲೇ ಕೆಣಕಿದ್ರು.

ನನ್ನನ್ನ ಕಾಡೋದು ಮೂರನೇ ಹಾವು, ಹಾವಾಡಿಗರ ಬುಟ್ಟಿಯದ್ದು. ಹಬ್ಬಕ್ಕೆ ಮುಂಚೆ ಅದನ್ನ ದಿನಗಟ್ಟಲೆ ನೀರಿಲ್ಲದೆ ಇಡ್ತಿದ್ರು. ಬಾಯಾರಿದ ಹಾವು ಏನು ಕೊಟ್ರೂ ಕುಡಿಯುತ್ತೆ. ಜನ ಅದನ್ನ ದೇವರ ಒಪ್ಪಿಗೆ ಅಂದ್ಕೊಂಡ್ರು. ಹಾಲು ಅದಕ್ಕೆ ಜೀರ್ಣ ಆಗಲ್ಲ, ಬಲವಂತ ಮಾಡಿದ್ರೆ ಶ್ವಾಸಕೋಶಕ್ಕೂ ಹೋಗಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ನಾಗರಹಾವನ್ನ ಹಿಡಿದು ಸಾಕೋದೇ ಅಪರಾಧ. ಹಾವಾಡಿಗರ ಕುಲಕಸುಬೂ ಅದರ ಜೊತೆ ಹೋಯ್ತು, ಅದು ಇನ್ನೊಂದು ದೊಡ್ಡ ಕಥೆ ಬಿಡಿ. ಹಾವಿನ ಊಟ ಇಲಿ, ಕಪ್ಪೆ. ರಾಗಿ ಹೊಲದ ಬದುವಲ್ಲಿ ತಾನೇ ಹುಡುಕ್ಕೊಳ್ಳುತ್ತೆ.